ಅಕ್ಕನ ಕಂಪ್ಯೂಟರಿಗೆ ಹೊಸ ಮುಖ

ದೀಪಾವಳಿ ಹತ್ತಿರ ಬಂತೆಂದರೆ ನನ್ನ ಹೆಂಡತಿಯ ಕಣ್ಣು ನನ್ನ ಮೇಜಿನ ಡ್ರಾಯರಿನ ಮೇಲೆ ಬೀಳುತ್ತದೆ. ವರ್ಷವಿಡೀ ಅದರ ಗೊಡವೆಗೆ ಬಾರದವಳು ಆ ವಾರ ಮಾತ್ರ ಕೈಯಲ್ಲೊಂದು ಚೀಲ ಹಿಡಿದು ಎದುರು ನಿಂತುಬಿಡುತ್ತಾಳೆ. ನಿಂತುಹೋದ ಕೈಗಡಿಯಾರ, ಯಾವ ಬೀಗಕ್ಕೆ ಸೇರಿದ್ದೋ ತಿಳಿಯದ ಕೀಲಿಕೈ, ಮೂಗು ಮುರಿದ ಪೆನ್ನು ಎಲ್ಲ ಒಂದೊಂದಾಗಿ ಚೀಲಕ್ಕೆ ಬೀಳುತ್ತವೆ. ಅವಕ್ಕೆ ನನ್ನ ತಕರಾರಿಲ್ಲ. ಕೊನೆಗೆ ಅವಳ ಕೈಗೆ ಆ ಕಪ್ಪು ಫ್ಲಾಪಿ ಸಿಗುತ್ತದೆ. ಅಂಗೈಯಷ್ಟಗಲದ ಚೌಕ; ತಗಡಿನ ಮುಚ್ಚಳದ ಸಂದಿಯಲ್ಲಿ ಒಂದು ಚಿಟಿಕೆ ಕುಂಕುಮ ಕೂತು ಗಟ್ಟಿಯಾಗಿದೆ.

"ಇದನ್ನ ಓದೋ ಮಷೀನು ಭೂಮಿ ಮ್ಯಾಲೆ ಇನ್ನ ಉಳದಾವೇನ್ರಿ?"

"ಇರಲಿ ಬಿಡು."

"ಹೋದ ವರ್ಷಾನೂ ಇರಲಿ ಬಿಡು ಅಂದ್ರಿ."

ಈ ವರ್ಷವೂ ಇಲ್ಲಿಯವರೆಗೆ ಬಂದು ನಿಂತಿದ್ದೇವೆ. ಅವಳು ಫ್ಲಾಪಿ ಹಿಡಿದು ಕಾಯುತ್ತಿದ್ದಾಳೆ. ಕಾಯಲಿ. ಅಷ್ಟರಲ್ಲಿ ನಿಮಗೆ ಹೇಳಿ ಮುಗಿಸುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಗದಗಿನಿಂದ ಬಂದ ನಾನು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞನಾಗಿದ್ದೆ. ನಾಸಿಕದಲ್ಲಿ ಬಾಡಿಗೆಯ ಒಂದು ಖೋಲಿ. ಮದುವೆಯಾಗಿರಲಿಲ್ಲವಾದ್ದರಿಂದ ಖೋಲಿಯ ತುಂಬ ನನ್ನದೇ ರಾಜ್ಯ: ಒಂದು ಮಂಚ, ಒಂದು ಸ್ಟೋವು, ಮತ್ತು ಅಲ್ಲಿಂದೊಂದು ಇಲ್ಲಿಂದೊಂದು ಭಾಗ ತಂದು ಕೂಡಿಸಿದ ಕಂಪ್ಯೂಟರು. ಅದರ ಪಕ್ಕದ ತಗಡನ್ನು ನಾನು ಎಂದೂ ಮುಚ್ಚಿದ್ದಿಲ್ಲ. ಮುಚ್ಚಿದರೆ ಮತ್ತೆ ತೆಗೆಯಬೇಕಲ್ಲ ಎಂಬ ಆಲಸ್ಯ.

ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜಿನ ಜೋಶಿ ಒಂದು ದಿನ ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ. ತಂದುಕೊಟ್ಟ. ನನ್ನ ತಲೆ ಕೆಟ್ಟದ್ದು ಅಲ್ಲಿಂದ. ವಿಂಡೋಸ್ ಶುರುವಾದಾಗ ಕಾಣುತ್ತದಲ್ಲ, ಕೆಳಗೆ ಬೂದುಬಣ್ಣದ ಪಟ್ಟಿ, ಮೂಲೆಯಲ್ಲಿ ಸ್ಟಾರ್ಟ್ ಗುಂಡಿ, ಎಡಕ್ಕೆ ಸಾಲುಸಾಲು ಚಿತ್ರ, ಅದೆಲ್ಲ ಅದರ ಮುಖವಷ್ಟೆ. ಷೆಲ್ ಎನ್ನುತ್ತಾರೆ ಅದಕ್ಕೆ. ಆ ಮುಖ ತೆಗೆದು ಬೇರೆ ಮುಖ ಹಚ್ಚಬಹುದು ಎಂದು ಆ ಸಿ.ಡಿ. ನನಗೆ ಕಲಿಸಿತು. ವಿಂಡೋಸಿನ ಹೊಟ್ಟೆಯಲ್ಲಿ ಒಂದು ಚಿಕ್ಕ ಫೈಲು ಇದೆ. ಅದರಲ್ಲಿ ಒಂದೇ ಒಂದು ಸಾಲು: ಬೆಳಿಗ್ಗೆ ಎದ್ದ ಕೂಡಲೇ ಯಾವ ಷೆಲ್ಲನ್ನು ಕರೆಯಬೇಕು ಎಂದು. ಅಲ್ಲಿ ಹಳೆಯ ಹೆಸರು ಅಳಿಸಿ ಹೊಸದು ಬರೆದರೆ ಮುಗಿಯಿತು, ಕಂಪ್ಯೂಟರು ಮರುದಿನ ಬೇರೆ ಮುಖ ಹೊತ್ತುಕೊಂಡೇ ಏಳುತ್ತದೆ.

ಒಂದು ತಿಂಗಳಲ್ಲಿ ಐದು ಮುಖ ಬದಲಿಸಿದೆ. ಒಂದರಲ್ಲಿ ಪರದೆಯೆಲ್ಲ ಕಡುನೀಲಿ, ಬಲಗಡೆ ಚೌಕ ಚೌಕ ಗುಂಡಿಗಳು. ಇನ್ನೊಂದರಲ್ಲಿ ಏನೂ ಇಲ್ಲ, ಬರೀ ಕಪ್ಪು. ಎಲ್ಲಿ ಬೇಕಾದರೂ ಮೌಸು ಎಂಬ ಇಲಿಯ ಬಲಗಿವಿ ಒತ್ತಿದರೆ ಪಟ್ಟಿಯೊಂದು ಬಿಚ್ಚಿಕೊಳ್ಳುತ್ತಿತ್ತು. ಅದೇ ನನ್ನ ಮೆಚ್ಚಿನದು. ಹೋಳಿಗೆ ಕೊಡಲು ಬಂದ ಮನೆಯೊಡತಿ ಕಾಕೂ ಅದನ್ನು ನೋಡಿ, "ಅರೇರೇ, ಟೀವ್ಹೀ ಬಿಘಡ್ಲಾ ಕಾ ರೇ?" ಎಂದು ಮರುಗಿದಳು. ಟೀವಿ ಕೆಟ್ಟಿಲ್ಲ, ಇದು ಕಂಪ್ಯೂಟರಿನ ಹೊಸ ರೂಪ ಎಂದು ಅರ್ಧ ಗಂಟೆ ಮರಾಠಿಯಲ್ಲಿ ವಿವರಿಸಿದೆ. ಅವಳು ಎಲ್ಲ ಕೇಳಿ, ಹೋಳಿಗೆ ಆರುವುದರೊಳಗೆ ತಿನ್ನು ಎಂದು ಹೇಳಿ ಹೋದಳು. ಆ ಕಪ್ಪು ಪರದೆಯಿಂದ ನನಗೆ ಏನು ಲಾಭವಾಯಿತು ಎಂದು ಕೇಳಬೇಡಿ. ಆಗುತ್ತಿದ್ದ ಕೆಲಸಗಳೇ ಆಗುತ್ತಿದ್ದವು, ತುಸು ತಡವಾಗಿ. ಆದರೆ ಇಡೀ ನಾಸಿಕದಲ್ಲಿ ನನ್ನ ಹತ್ತಿರ ಇದ್ದಂಥದು ಇನ್ನೊಬ್ಬರ ಹತ್ತಿರ ಇಲ್ಲ ಎಂಬ ಗತ್ತು ಇತ್ತಲ್ಲ, ಅದಕ್ಕೆ ಯಾವ ಲಾಭ ಸಮ?

ನನ್ನ ಅಕ್ಕ ಶಾಂತಾ ಆಗ ಇದ್ದದ್ದು ಔರಂಗಾಬಾದಿನಲ್ಲಿ. ಈಗ ಅದು ಛತ್ರಪತಿ ಸಂಭಾಜಿನಗರ. ನನ್ನ ಬಾಯಿ ಮಾತ್ರ ಇನ್ನೂ ಹಳೆಯ ರೂಢಿ ಬಿಟ್ಟಿಲ್ಲ. ಭಾವ ಬ್ಯಾಂಕಿನಲ್ಲಿ ಅಧಿಕಾರಿ. ಬದಲಿಯ ಮೇಲೆ ಬದಲಿಯಾಗಿ ಏಳು ಊರು ಕಂಡವರು. ಏಳು ಊರಿನಲ್ಲಿ ಏಳು ಸಲ ಚಾರ್ಜು ಕೊಟ್ಟು, ಏಳು ಸಲ ಚಾರ್ಜು ತೆಗೆದುಕೊಂಡು ಅವರ ರಕ್ತದಲ್ಲೇ ಅದು ಸೇರಿಹೋಗಿತ್ತು. ಬ್ಯಾಂಕಿನಲ್ಲಿ ಹಳೆಯ ಸಾಹೇಬರು ಹಾಗೇ ಎದ್ದು ಹೋಗುವಂತಿಲ್ಲವಂತೆ. ಹೊಸಬರು ಬಂದು, ಕೀಲಿಕೈ ಎಣಿಸಿ, ಕಾಗದಕ್ಕೆ ಇಬ್ಬರೂ ಸಹಿ ಹಾಕಿದ ಮೇಲೆಯೇ ಬಿಡುಗಡೆ. ಭಾವ ಈ ಕಟ್ಟಳೆಯನ್ನು ಮನೆಗೂ ತಂದಿದ್ದರು. ತವರಿಗೆ ಹೊರಟ ಅಕ್ಕ ಗ್ಯಾಸಿನ ನಾಬು, ಹಾಲಿನವನ ಕೂಪನ್ನು, ತುಳಸಿಗೆ ನೀರು ಎಲ್ಲವನ್ನೂ ಅವರಿಗೆ ವಹಿಸಿ, ಅವರು "ಹ್ಞೂಂ, ಬಂತು" ಎಂದ ಮೇಲೆಯೇ ಹೊಸ್ತಿಲು ದಾಟಬೇಕು. ನಾನು ಹೋದಾಗಲೆಲ್ಲ ಇದನ್ನು ಆಡಿಕೊಂಡು ನಗುತ್ತಿದ್ದೆ.

ಇನ್ನು ಅಕ್ಕನ ವಿಷಯ. ಇಲ್ಲಿ ನಾನೊಂದು ಹಳೆಯ ಪಾಪವನ್ನು ಒಪ್ಪಿಕೊಳ್ಳಬೇಕು.

ಗದಗಿನಲ್ಲಿ ಅಕ್ಕ ಎಂ.ಎ. ಮೊದಲ ವರ್ಷ ಮುಗಿಸಿದಾಗ ಮದುವೆ ಗೊತ್ತಾಯಿತು. ಮುಂದಿನ ವರ್ಷ ಮನೆಯಿಂದಲೇ ಓದಿ ಪರೀಕ್ಷೆ ಕಟ್ಟುತ್ತೇನೆ ಎಂದು ಹೇಳಿ, ತನ್ನ ನೋಟುಬುಕ್ಕುಗಳನ್ನು ಗೋಡೆಯ ಬೀರುವಿನಲ್ಲಿ ಜೋಡಿಸಿಟ್ಟು ಗಂಡನ ಮನೆಗೆ ಹೋದಳು. ಹದಿಮೂರು ವರ್ಷದ ನನಗೆ ಬೀರು ಬೇಕಾಗಿತ್ತು, ಅದಕ್ಕಿಂತ ಹೆಚ್ಚಾಗಿ ಗಾಳಿಪಟಕ್ಕೆ ಮಾಂಜಾ ದಾರ ಬೇಕಾಗಿತ್ತು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ರದ್ದಿಯವನು ಬಂದ. ಹನ್ನೊಂದು ನೋಟುಬುಕ್ಕು. ಅಕ್ಕನ ಸಣ್ಣ, ಬಲಕ್ಕೆ ವಾಲಿದ ಅಕ್ಷರ. ತಕ್ಕಡಿಯಲ್ಲಿ ಅವು ಒಂದು ಸಲ ಮೇಲೆ ಹೋಗಿ ಕೆಳಗೆ ಬಂದದ್ದು ನನಗೆ ಇನ್ನೂ ಕಾಣಿಸುತ್ತದೆ. ವರ್ಷದ ಮೇಲೆ ಅಕ್ಕ ಬಂದು ಕೇಳಿದಾಗ ಅವ್ವ, ಗೆದ್ದಲು ಹಿಡಿದಿತ್ತು, ಒಲೆಗೆ ಹಾಕಿದೆ ಎಂದುಬಿಟ್ಟಳು. ನನ್ನನ್ನು ಉಳಿಸಲು ಅವ್ವ ಹೇಳಿದ ಸುಳ್ಳು ಅದು. ಅಕ್ಕ ಬೀರುವಿನ ಬಾಗಿಲು ತೆಗೆದು ಒಂದಿಷ್ಟು ಹೊತ್ತು ನೋಡಿದಳು, ಮತ್ತೆ ಮುಚ್ಚಿದಳು. ಆ ವರ್ಷ ಅವಳು ಪರೀಕ್ಷೆ ಕಟ್ಟಲಿಲ್ಲ. ಮರುವರ್ಷ ಮಗಳು ಅಶ್ವಿನಿ ಹೊಟ್ಟೆಯಲ್ಲಿದ್ದಳು. ಆಮೇಲೆ ಬದಲಿ, ಬದಲಿ, ಬದಲಿ.

ಔರಂಗಾಬಾದಿಗೆ ಬಂದ ಮೇಲೆ ಅವಳು ಪಟ್ಟು ಹಿಡಿದು ಎಂ.ಎ. ಮುಗಿಸಿದಳು. ಅಷ್ಟಕ್ಕೇ ನಿಲ್ಲದೆ ಸಮಾಜಶಾಸ್ತ್ರದಲ್ಲಿ ಎಂ.ಫಿಲ್.ಗೆ ಹೆಸರು ಹಚ್ಚಿದಳು. ವಿಷಯ, ಉಳ್ಳಾಗಡ್ಡಿ ಆರಿಸುವ ಹೆಂಗಸರು. ಪ್ರತಿ ಗುರುವಾರ ಕೆಂಪು ಎಸ್.ಟಿ. ಬಸ್ಸು ಹತ್ತಿ ವೈಜಾಪುರಕ್ಕೆ ಹೋಗುವುದು, ಮಂಡಿಯಲ್ಲಿ ರಾಶಿಯ ಪಕ್ಕ ಆ ಹೆಂಗಸರೊಡನೆ ಕೂತು ದೊಡ್ಡದು ಸಣ್ಣದು ಬೇರೆ ಮಾಡುತ್ತ ಅವರ ಮಾತು ಕೇಳುವುದು, ಸಂಜೆ ಬಂದು ಬರೆಯುವುದು. ಗುರುವಾರ ಅವಳು ಈರುಳ್ಳಿಯ ವಾಸನೆ ಹೊತ್ತು ಮನೆಗೆ ಬಂದರೆ ಅಶ್ವಿನಿ, "ಆಈ, ಆಧೀ ಅಂಘೋಳ್!" ಎಂದು, ಮೊದಲು ಸ್ನಾನ ಮಾಡೆಂದು, ಬಚ್ಚಲಿಗೆ ಅಟ್ಟುತ್ತಿದ್ದಳಂತೆ. ಎರಡು ವರ್ಷ ಹೀಗೆ. ಎರಡು ಸಲ ಅವಧಿ ಮುಂದೆ ಹಾಕಿಸಿಕೊಂಡಿದ್ದಳು, ಮೂರನೆಯ ಸಲ ಕೊಡುವುದಿಲ್ಲ ಎಂದು ವಿಶ್ವವಿದ್ಯಾಲಯದಿಂದ ಕಾಗದ ಬಂದಿತ್ತು. ಸೋಮವಾರ ಕೊನೆಯ ದಿನ. ಪುಟದ ಅಂಚು ಸರಿಮಾಡಿ ಮುದ್ರಿಸಿಕೊಡು ಬಾ ಎಂದು ತಮ್ಮನನ್ನು ಕರೆಸಿದಳು. ಯೇವಲಾ ದಾಟಿ, ಅಕ್ಕನ ವೈಜಾಪುರವನ್ನೂ ದಾಟಿ, ಶನಿವಾರ ಮಧ್ಯಾಹ್ನ ನಾನು ಹೋಗಿ ಇಳಿದೆ. ಚೀಲದಲ್ಲಿ ಎರಡು ಅಂಗಿ, ಒಂದು ಕಿಲೋ ದ್ರಾಕ್ಷಿ, ಮತ್ತು ಜೋಶಿಯ ಸಿ.ಡಿ.

ಸಿ.ಡಿ. ಯಾಕೆ ಒಯ್ದೆ ಎಂದು ನೀವು ಕೇಳಬಹುದು. ನಾನೂ ನನ್ನನ್ನು ಬಹಳ ಸಲ ಕೇಳಿಕೊಂಡಿದ್ದೇನೆ.

ಅಕ್ಕ ಅಡಿಗೆಮನೆಯಲ್ಲಿ ನನಗಾಗಿ ಕಡಬು ಕುದಿಸುತ್ತಿದ್ದಳು. ಭಾವ ಇನ್ನೂ ಬಂದಿರಲಿಲ್ಲ. ಅಕ್ಕನ ಕಂಪ್ಯೂಟರಿನ ಆ ಬೋಳು ಬೂದು ಮುಖ ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಇಷ್ಟೊಂದು ಓದಿದ ಹೆಂಗಸಿಗೆ ಇಂಥ ಹಳೆ ಸಾಮಾನೇ ಎನ್ನಿಸಿತು. ಕಡಬು ಬೇಯುವುದರೊಳಗೆ ಕಪ್ಪು ಪರದೆ ಹಾಕಿ ಮುಗಿಸಿದೆ. ಅಶ್ವಿನಿ "ಮಾಮಾ, ಮಸ್ತ್!" ಎಂದಳು. ಅಷ್ಟು ಸಾಕಾಗಿತ್ತು ನನಗೆ.

ಭಾನುವಾರ ಬೆಳಿಗ್ಗೆ ಅಕ್ಕ ಸ್ನಾನ ಮಾಡಿ, ತಲೆಗೆ ಮೈಯೊರೆಸುವ ಪಂಚೆ ಸುತ್ತಿಕೊಂಡೇ ಬಂದು ಕಂಪ್ಯೂಟರಿನ ಮುಂದೆ ಕೂತಳು. ಕೂತವಳು ಎದ್ದಳು.

"ರಘೂ, ನನ್ನ ಚಿತ್ರ ಎಲ್ಲೆ ಹೋತೋ?"

"ಯಾವ ಚಿತ್ರ?"

"ಮೂರನೇ ಸಾಲಿನ್ಯಾಗ ಎರಡನೇದು. ಅದನ್ನ ಎರಡ ಸಲ ಒತ್ತಿದ್ರ ನಂದು ತೆರೀತದ."

ಅಕ್ಕನ ಕಂಪ್ಯೂಟರ್ ವಿದ್ಯೆಯೆಲ್ಲ ಇಷ್ಟೇ ಎಂದು ನನಗೆ ಆಗ ತಿಳಿಯಿತು. ಮೂರನೆಯ ಸಾಲು, ಎರಡನೆಯ ಚಿತ್ರ, ಎರಡು ಸಲ ಒತ್ತುವುದು. ಅಷ್ಟರಿಂದಲೇ ಅವಳು ನೂರ ಮೂವತ್ತು ಪುಟ ಬರೆದಿದ್ದಳು. ನಾನು ಐದು ಮುಖ ಬದಲಿಸಿ ಒಂದು ಪುಟವನ್ನೂ ಬರೆದಿರಲಿಲ್ಲ. ಬಲಗಿವಿ ಒತ್ತು, ಪಟ್ಟಿ ಬರ್ತದ, ಅದರೊಳಗ ಇನ್ನೊಂದು ಪಟ್ಟಿ ಎಂದು ನಾನು ಶುರುಮಾಡಿದೆ. ಅಕ್ಕ ನನ್ನ ಮುಖ ನೋಡಿದಳು.

"ತಮ್ಮಾ, ಛಂದ ಅದ. ಈಗ ತಗದುಬಿಡು."

"ಎರಡ ದಿನದಾಗ ರೂಢಿ ಆಗ್ತದಕ್ಕಾ."

"ನನಗ ಒಂದ ದಿನಾ ಅದ. ತಗೀ."

ಅವಳು ಬೆನ್ನ ಹಿಂದೆಯೇ ನಿಂತಳು. ಅಶ್ವಿನಿಯೂ ಬಂದು ನಿಂತಳು. ಹಾಕಿದ್ದನ್ನು ತೆಗೆಯುವಾಗ ಯಾರಾದರೂ ನೋಡುತ್ತ ನಿಂತರೆ ಮನುಷ್ಯನಿಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ನಾನು ಷೆಲ್ಲಿನ ಫೋಲ್ಡರನ್ನೇ ಅಳಿಸಲು ಹೋದೆ. ಓಡುತ್ತಿರುವ ಷೆಲ್ಲು ತನ್ನನ್ನು ತಾನು ಅಳಿಸಲು ಬಿಡಲಿಲ್ಲ. ಹೌದಾ ಮಗನೇ ಎಂದುಕೊಂಡು, ವಿಂಡೋಸಿನ ಕೆಳಗಿನ ಹಳೆಯ ಡಾಸಿಗೆ ಹೋದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಹೊಡೆದು, ಫೋಲ್ಡರನ್ನು ಬೇರುಸಹಿತ ಕಿತ್ತುಹಾಕುವ ಆಜ್ಞೆ ಕೊಟ್ಟೆ. ಕ್ಷಣಾರ್ಧದಲ್ಲಿ ಎಲ್ಲ ಸಾಫ್. "ಆತು ನೋಡು" ಎಂದು ಮಷೀನು ಮತ್ತೆ ಶುರುಮಾಡಿದೆ.

ವಿಂಡೋಸ್ ಏಳುವಾಗಿನ ಮೋಡದ ಚಿತ್ರ ಬಂತು. ಮೋಡ ಹೋಯಿತು. ಖಾಲಿ ಪರದೆಯ ನಡುವೆ ಒಂದು ಚಿಕ್ಕ ಚೌಕಟ್ಟು ಬಂತು. ಕರೆಯಬೇಕಾದ ಷೆಲ್ಲು ಸಿಗುತ್ತಿಲ್ಲ, ವಿಂಡೋಸನ್ನು ಹೊಸದಾಗಿ ಹಾಕಬೇಕು ಎಂದು ಅದರಲ್ಲಿ ಬರೆದಿತ್ತು. ಸರಿ ಎಂಬ ಗುಂಡಿ ಒಂದೇ. ಒತ್ತಿದೆ. ಕಂಪ್ಯೂಟರು ನಿಂತುಹೋಯಿತು. ಮತ್ತೆ ಶುರುಮಾಡಿದೆ, ಮತ್ತೆ ಮೋಡ, ಮತ್ತೆ ಅದೇ ಚೌಕಟ್ಟು. ಮೂರನೆಯ ಸಲಕ್ಕೆ ನನ್ನ ಅಂಗೈ ಬೆವತು ಇಲಿ ಜಾರತೊಡಗಿತು.

ಅಕ್ಕ ಓದಿದಳು. "ಹೊಸದಾಗಿ ಹಾಕಬೇಕು ಅಂದ್ರ? ನಂದು?"

ನಮ್ಮ ಕಡೆ ಅಂಗಡಿಯವರು ಹೊಸದಾಗಿ ಹಾಕುವುದೆಂದರೆ ಮೊದಲು ಡಿಸ್ಕನ್ನು ಪೂರ್ತಿ ಒರೆಸುವುದು ಎಂದೇ ನಾನು ಕಂಡದ್ದು. ಅವಳನ್ನೇ ಕೇಳಿದೆ, "ಅಕ್ಕಾ, ಫ್ಲಾಪಿ ಒಳಗ ಒಂದ ಕಾಪಿ ಇಟ್ಟೀದಿಲ್ಲೋ?"

"ಇಟ್ಟೀನಿ."

ಜೀವ ಬಂದಂತಾಯಿತು. "ಎಲ್ಲೆ ಅದ?"

"ಲಾಕರಿನ್ಯಾಗ."

"ಯಾವ ಲಾಕರ?"

"ಬ್ಯಾಂಕಿಂದು. ಬಂಗಾರದ ಜೊತಿಗೆ. ಖಂಡೇನವಮಿಗೆ ಪೂಜಾ ಮಾಡಿ ಅಲ್ಲೇ ಇಟ್ಟ ಬಂದೆ. ಮತ್ತ ಅಷ್ಟ ಮಹತ್ವದ ಸಾಮಾನ ಮನ್ಯಾಗ ಇಡ್ತಾರೇನು?"

ಭಾನುವಾರ. ಬ್ಯಾಂಕು ಬಂದ್. ಅದೂ ಅಲ್ಲದೆ ಖಂಡೇನವಮಿಯ ಆಯುಧಪೂಜೆ ಆಗಿ ಎರಡು ತಿಂಗಳಾಗಿತ್ತು. ಆ ಫ್ಲಾಪಿಯಲ್ಲಿ ಇದ್ದದ್ದು ಮೊದಲ ಮೂರು ಅಧ್ಯಾಯ. ಉಳಿದ ಮೂರು, ಆ ಹೆಂಗಸರು ತಾವಾಗಿ ಬಾಯಿಬಿಟ್ಟು ಹೇಳಿದ ಮಾತುಗಳೆಲ್ಲ ಇದ್ದ ಮೂರು, ಈ ಡಬ್ಬಿಯಲ್ಲಿ ಮಾತ್ರ ಇದ್ದವು. ಅಕ್ಕ ತಲೆಗೆ ಸುತ್ತಿದ ಪಂಚೆ ಬಿಚ್ಚಿ, ಮಡಚಿ, ಕುರ್ಚಿಯ ಬೆನ್ನಿಗೆ ಹಾಕಿದಳು. ಬೀರುವಿನ ಬಾಗಿಲು ಮುಚ್ಚಿದಾಗಲೂ ಅವಳ ಮುಖ ಹೀಗೇ ಇತ್ತು. ಒಬ್ಬಳೇ ಅಕ್ಕನ ಬರಹವನ್ನು ಒಬ್ಬನೇ ತಮ್ಮ ಎರಡು ಸಲ ಹಾಳುಮಾಡಿದನಲ್ಲ ಎಂದು ಅಲ್ಲೇ ಕುಸಿದು ಕೂರಬೇಕೆನ್ನಿಸಿತು.

ಕೂರಲಿಲ್ಲ, ಓಡಿದೆ. ಮೂಲೆಯ ಎಸ್.ಟಿ.ಡಿ. ಬೂತಿನಿಂದ ಜೋಶಿಯ ಮನೆಗೆ ಫೋನು ಹಚ್ಚಿದೆ. ಅವರ ಅಪ್ಪ ಎತ್ತಿ, ಅವನು ಘೋಟಿಗೆ, ಹೆಂಡತಿಯ ಮನೆಗೆ ಹೋಗಿದ್ದಾನೆ, ನಾಳೆ ಬರುತ್ತಾನೆ ಎಂದರು. ಘೋಟಿಯಲ್ಲಿ ಫೋನು ಇದೆಯೇ ಎಂದರೆ, ಇದೆ, ಆದರೆ ಸತ್ತಿದೆ ಎಂದರು.

ಮರಳಿ ಬಂದಾಗ ಭಾವ ಪೇಪರು ಮಡಚಿಟ್ಟು ಕಂಪ್ಯೂಟರಿನ ಮುಂದೆ ಕೂತಿದ್ದರು. ಅವರಿಗೆ ಅದರ ಗಂಧಗಾಳಿ ಗೊತ್ತಿಲ್ಲ. ಆದರೆ ವಿಚಾರಣೆ ಮಾಡಲು ಬರುತ್ತಿತ್ತು.

"ಏನ ತಗದಿ, ಸಾವಕಾಶ ಹೇಳು."

"ಹೊಸಾ ಷೆಲ್ ತಗದೆ ಭಾವಾ. ಪೂರಾ ಅಳಿಸಿದೆ."

"ಅದು ಬರೋಕಿಂತ ಮೊದಲ ಆ ಕುರ್ಚಿಯೊಳಗ ಯಾರ ಇದ್ರು?"

"ವಿಂಡೋಸಿಂದ ಹಳೇ ಷೆಲ್."

"ಅದು ಈಗೆಲ್ಲೆ ಅದ?"

"ಒಳಗ ಅದ. ಇದ್ದಲ್ಲೇ ಅದ."

"ಹಂಗಾರ ಇದನ್ನ ಕಳಸೋ ಮುಂದ ಅದಕ್ಕ ಚಾರ್ಜ್ ಕೊಟ್ಟಿಯೇನು?"

ಅಯ್ಯೋ ದೇವರೇ! ಆ ಸಾಲು! ಆ ಒಂದು ಸಾಲಿನಲ್ಲಿ ಇನ್ನೂ ಅಳಿಸಿಹಾಕಿದ ಷೆಲ್ಲಿನ ಹೆಸರೇ ಇತ್ತು. ಪಾಪದ ವಿಂಡೋಸು ಪ್ರತಿ ಸಲವೂ ಎದ್ದು ಅದನ್ನೇ ಕೂಗುತ್ತಿತ್ತು, ಓ ಎನ್ನುವವರಿರಲಿಲ್ಲ. ಹಳೆಯದು ಒಳಗೆ ಕೂತೇ ಇತ್ತು, ಅದನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ನನ್ನ ಖೋಲಿಯಲ್ಲಿ ಐದು ಸಲ ಈ ಕೆಲಸ ಮಾಡಿದವನು ನಾನು. ಪ್ರತಿ ಸಲವೂ ಮೊದಲು ಸಾಲು ತಿದ್ದಿ ಆಮೇಲೆ ಅಳಿಸುತ್ತಿದ್ದೆ. ಇಂದು ಬೆನ್ನ ಹಿಂದೆ ಅಕ್ಕ ನಿಂತದ್ದಕ್ಕೆ, ಮೂಗಿನ ತುದಿಯ ಸಿಟ್ಟಿಗೆ, ಮೊದಲಿನದು ಮರೆತಿದ್ದೆ.

"ಭಾವಾ, ನೀವು ದೇವರು" ಎಂದೆ.

"ನಾ ಬ್ಯಾಂಕಿನ್ಯಾಂವ. ಮಾಡು."

ಮಷೀನು ಶುರುವಾಗುವಾಗಲೇ ಎಫ್ ಎಂಟರ ಗುಂಡಿ ಒತ್ತಿ ಡಾಸಿಗೆ ಇಳಿದೆ. ಆ ಚಿಕ್ಕ ಫೈಲು ತೆರೆದೆ. ಇತ್ತು, ಸತ್ತವನ ಹೆಸರು ಮನೆಯ ಬಾಗಿಲ ಮೇಲೆ ಇದ್ದ ಹಾಗೆ. ಅಳಿಸಿದೆ. ಹಳೆಯದರ ಹೆಸರು ಬರೆದೆ. ಭಾವ ಬ್ಯಾಂಕಿನಲ್ಲಿ ಲೆಡ್ಜರು ತಾಳೆ ನೋಡುವವರ ಹಾಗೆ ಬೆರಳಿಟ್ಟು, "ಒಂದೊಂದ ಅಕ್ಷರ ಓದು" ಎಂದರು. ಎಕ್ಸ್‌ಪ್ಲೋರರ್ ಎಂಬುದನ್ನು ನಾನು ಬಿಡಿ ಬಿಡಿಯಾಗಿ ಓದಿದೆ, ಅಶ್ವಿನಿ "ಬರೋಬರ್, ಬರೋಬರ್" ಎನ್ನುತ್ತ ಹೋದಳು. ಉಳಿಸಿದೆ. ಶುರುಮಾಡಿದೆ.

ಮೋಡ ಬಂತು. ಮೋಡ ಹೋಯಿತು. ಖಾಲಿ ಪರದೆ ಬಂದು ಒಂದು ಯುಗ ನಿಂತಿತು. ಆಮೇಲೆ ಕೆಳಗೆ ಬೂದುಬಣ್ಣದ ಪಟ್ಟಿ ಕಾಣಿಸಿತು, ಮೂಲೆಯಲ್ಲಿ ಗುಂಡಿ ಕಾಣಿಸಿತು, ಎಡಕ್ಕೆ ಒಂದು, ಎರಡು, ಮೂರು ಸಾಲು ಚಿತ್ರ ಬಂದು ಕೂತವು. ಅಷ್ಟು ಚೆಂದದ ಬೂದುಬಣ್ಣವನ್ನು ನಾನು ಜೀವಮಾನದಲ್ಲಿ ಕಂಡಿಲ್ಲ. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿಟ್ಟರು. ನಾನು ನಗತೊಡಗಿದೆ, ಕಣ್ಣಲ್ಲಿ ನೀರು ಬರುತ್ತಿತ್ತು, ಯಾವುದನ್ನೂ ತಡೆಯಲಾಗಲಿಲ್ಲ.

ಅಕ್ಕ ಮೂರನೆಯ ಸಾಲಿನ ಎರಡನೆಯದನ್ನು ಎರಡು ಸಲ ಒತ್ತಿದಳು. ನೂರ ಮೂವತ್ತನೆಯ ಪುಟಕ್ಕೆ ಹೋಗಿ ಕೊನೆಯ ಸಾಲು ಓದಿದಳು. ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

"ಎಲ್ಲಾರೂ ಉಪಾಸ ಇದ್ದೀರಿ. ಅವಲಕ್ಕಿ ಹಚ್ಚತೀನಿ" ಎಂದಳು.

ಮಧ್ಯಾಹ್ನವೆಲ್ಲ ಪ್ರಿಂಟರು ಕರ್ರ್ ಕರ್ರ್ ಎನ್ನುತ್ತಿತ್ತು. ಆಗಿನ ಕಾಗದ ನಿಮಗೆ ನೆನಪಿರಬಹುದು, ಒಂದಕ್ಕೊಂದು ಅಂಟಿದ ಹಾಳೆಗಳ ಉದ್ದನೆಯ ಸುರುಳಿ, ಎರಡೂ ಅಂಚಿಗೆ ತೂತುಗಳ ಪಟ್ಟಿ. ಅಕ್ಕನೂ ನಾನೂ ನೆಲದ ಮೇಲೆ ಎದುರುಬದುರು ಕೂತು ಆ ಪಟ್ಟಿ ಹರಿದು ಹರಿದು ಪಕ್ಕಕ್ಕೆ ಹಾಕುತ್ತಿದ್ದೆವು. ಇಳಿಹೊತ್ತಾಗುವಷ್ಟರಲ್ಲಿ ನಮ್ಮ ನಡುವೆ ಒಂದು ಗುಡ್ಡ ಬಿದ್ದಿತ್ತು.

"ಈ ಪಟ್ಟಿ ರದ್ದಿಗೆ ಹಾಕಲೇನಕ್ಕಾ?" ಎಂದೆ.

"ಹಾಕು. ರದ್ದಿಗೆ ಹಾಕೋದ್ರಾಗ ನೀ ಮೊದಲಿಂದ ಹುಷಾರ್ ಅದೀ."

ನನ್ನ ಕೈ ನಿಂತಿತು. ಅವಳ ಕೈ ನಿಲ್ಲಲಿಲ್ಲ.

"ಅಕ್ಕಾ..."

"ಗೆದ್ದಲ ಹಿಡಿದಿದ್ರ ಬೀರೂದ ಹಲಗೀಗೆ ಮಣ್ಣರೆ ಇರ್ತಿತ್ತೋ. ಒಂದ ಕಲೀನೂ ಇದ್ದಿಲ್ಲ. ಮ್ಯಾಲಿನ ಹಲಗಿ ಮ್ಯಾಲೆ ಮಾಂಜಾದ ಉಂಡಿ ಇತ್ತು."

ಹದಿನೇಳು ವರ್ಷ. ಪ್ರತಿ ರಾಖಿಗೆ, ಪ್ರತಿ ನಾಗರಪಂಚಮಿಗೆ ಬಂದು ಹೋಗಿದ್ದಳು, ನನಗೆ ನಾಸಿಕದಲ್ಲಿ ಕೆಲಸವಾದಾಗ ಮೊದಲು ಕುಣಿದವಳು ಅವಳು, ಒಂದು ದಿನವೂ ಸುಳಿವು ಕೊಟ್ಟಿರಲಿಲ್ಲ. ನಾನು ತಪ್ಪಾಯಿತು ಎಂದೆ. ಹದಿಮೂರನೆಯ ವಯಸ್ಸಿನಲ್ಲಿ ಹೇಳಬೇಕಾಗಿದ್ದದ್ದು ಮೂವತ್ತರಲ್ಲಿ ಬಾಯಿಗೆ ಬಂತು. ಅದೂ ಸರಿಯಾಗಿ ಬರಲಿಲ್ಲ.

"ಎಲ್ಲಾ ಗೊತ್ತಿದ್ದೂ ನನ್ನ ಕೈಯಾಗ ಯಾಕ ಕೊಟ್ಟಿ ಇದನ್ನ?" ಎಂದು ಕೇಳಿದೆ.

ಅಕ್ಕ ನನ್ನನ್ನು, ಇವನಿಗೆ ಬುದ್ಧಿ ಯಾವಾಗ ಬಂದೀತು ಎಂಬಂತೆ ನೋಡಿದಳು. "ಮತ್ತ ಯಾರ ಕೈಯಾಗ ಕೊಡಲಿ? ನನಗ ಇರಾವ ನೀ ಒಬ್ಬನ ತಮ್ಮ." ಹಾಗೆಂದು ಮುಂದಿನ ಹಾಳೆ ಎಳೆದುಕೊಂಡಳು.

ಸೋಮವಾರ ಬೆಳಿಗ್ಗೆ ಮೂರು ಪ್ರತಿ ಒಪ್ಪಿಸಿ, ಸ್ವೀಕೃತಿಯ ಚೀಟಿ ಕೈಯಲ್ಲಿ ಹಿಡಿದು ನಾವಿಬ್ಬರೂ ಭಾವನ ಬ್ಯಾಂಕಿಗೆ ಹೋದೆವು. ಅಕ್ಕ ಲಾಕರು ತೆಗೆಸಿ, ಕುಂಕುಮದ ಪೊಟ್ಟಣದ ಕೆಳಗಿಂದ ಫ್ಲಾಪಿ ತೆಗೆದಳು. ಇನ್ನು ಇದಕ್ಕೆ ಇಲ್ಲಿ ಕೆಲಸವಿಲ್ಲ ಎಂದು ನನ್ನ ಕೈಯಲ್ಲಿಟ್ಟಳು.

"ಇದನ್ನ ನೀ ಇಟಗೋ."

ನಾನು ಹಿಡಿದುಕೊಂಡೆ. ಅವಳು ಕೈ ಬಿಡಲಿಲ್ಲ, ಕಾಯುತ್ತ ನಿಂತಳು. ಅರ್ಥವಾಗಲು ನನಗೆ ಒಂದು ಗಳಿಗೆ ಹಿಡಿಯಿತು.

"ಹ್ಞೂಂ, ಬಂತು" ಎಂದೆ. ಆಗ ಬಿಟ್ಟಳು.

ಆಮೇಲೆ ನಾನು ಯಾವ ಕಂಪ್ಯೂಟರಿನ ಮುಖಕ್ಕೂ ಕೈ ಹಚ್ಚಲಿಲ್ಲ. ನಾಸಿಕಕ್ಕೆ ಮರಳಿದ ದಿನವೇ ನನ್ನ ಕಪ್ಪು ಪರದೆಯನ್ನೂ ತೆಗೆದೆ, ಮೊದಲು ಸಾಲು ತಿದ್ದಿ, ಎರಡು ಸಲ ಓದಿ, ಆಮೇಲೆ. ಕಾಕೂ ಬಂದು ನೋಡಿ, ಅಂತೂ ನಿನ್ನ ಟೀವಿ ರಿಪೇರಿಯಾಯಿತಲ್ಲ ಎಂದು ಸಂತೋಷಪಟ್ಟಳು.

ಹೆಂಡತಿ ಇನ್ನೂ ಚೀಲ ಹಿಡಿದೇ ನಿಂತಿದ್ದಾಳೆ. ಕೆಳಗೆ ರಸ್ತೆಯಲ್ಲಿ ರದ್ದಿಯವನ ಕೂಗು ಹತ್ತಿರವಾಗುತ್ತಿದೆ. "ಹಾಕಲೇನ್ರಿ?" ಎನ್ನುತ್ತಾಳೆ. ನಾನು ಅವಳ ಕೈಯಿಂದ ಫ್ಲಾಪಿ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತೇನೆ.

"ಇದು ನಂದಲ್ಲ," ಎನ್ನುತ್ತೇನೆ. "ನನ್ನ ಚಾರ್ಜಿನ್ಯಾಗ ಅದ."